ತೆಪ್ಪದ ಮೇಲಿನ ಸಂಸಾರ



1942ನೆಯ ಇಸವಿಯ ನವೆಂಬರ್ ತಿಂಗಳು. ಮಹಾಯುದ್ಧದ ಬೆಂಕಿ ನೆಲವನ್ನು ಸುಟ್ಟುದು ಸಾಲದೆಂಬಂತೆ ಸಮುದ್ರಕ್ಕೂ ಹಬ್ಬಿದ್ದ ಆ ದಿನಗಳಲ್ಲಿ, ಯುದ್ಧಕ್ಕೆಂದೇ ಕಟ್ಟಿದ ನೌಕೆಗಳಿಗಿಂತ ಎಷ್ಟೋ ಹೆಚ್ಚಾಗಿ ಬಲಿಯಾಗುತ್ತಿದ್ದುವು ಸರಕು ಸಾಗಿಸುವ ಬಡ ಹಡಗುಗಳು. ಅಂಥವುಗಳಲ್ಲೊಂದು ‘ಬೆನ್ ಲೊಮಂಡ್’ ಎಂಬ ಬ್ರಿಟಿಷ್ ಹಡಗು. ಆಫ್ರಿಕದ ದಕ್ಷಿಣದ ತುದಿಯಲ್ಲಿರುವ ಕೇಪ್‌ಟೌನಿನಿಂದ ಹೊರಟು, ಬೆಂಗಾವಲಿಲ್ಲದೆ ಒಂಟಿಯಾಗಿ ಅಟ್ಲಾಂಟಿಕ್ ಸಾಗರವನ್ನು ದಾಟಿ ದಕ್ಷಿಣ ಅಮೆರಿಕದ ಪರಮಾರಿಬೊ ಬಂದರನ್ನು ಸೇರಬೇಕಾಗಿದ್ದ ಅದನ್ನು, ಆ ತಿಂಗಳ 23ನೆಯ ದಿನ, ಜರ್ಮನರ ಯು-172 ಎಂಬ ಜಲಾಂತರ್ಗಾಮಿಯು ಟಾರ್ಪೆಡೊ ಬಿಟ್ಟು ಒಡೆಯಿತು. ಕೆಲವೇ ನಿಮಿಷಗಳಲ್ಲಿ ಹಡಗು ಮುಳುಗಿತು. ಅದರಲ್ಲಿದ್ದ ಐವತ್ತಕ್ಕೂ ಮಿಕ್ಕ ಜನರ ಪೈಕಿ ಕಡೆಗೆ ಜೀವಸಹಿತ ನೆಲವನ್ನು ಮೆಟ್ಟಿದವನು ಒಬ್ಬನೇ ಒಬ್ಬ.

ಆ ಒಬ್ಬನು ಹಡಗಿನ ಕಪ್ತಾನನಾಗಲಿ, ನಕ್ಷತ್ರಗಳನ್ನು ನೋಡಿ ದಿಕ್ಕು ಹೇಳಬಲ್ಲ ನಾವಿಕನಾಗಲಿ ಆಗಿರಲಿಲ್ಲ. ಚೀನ ದೇಶದ ದಕ್ಷಿಣಕ್ಕಿರುವ ಹೈನಾನ್ ದ್ವೀಪದಲ್ಲಿ ಹುಟ್ಟಿ, ಹೊಟ್ಟೆಪಾಡಿಗಾಗಿ ಆಂಗ್ಲರ ಹಡಗನ್ನು ಸೇರಿದ ಇಪ್ಪತ್ತನಾಲ್ಕು ವರ್ಷದ ತರುಣ ಆತ. ಹೆಸರು ಪೂನ್ ಲಿಮ್. ಕೆಲಸ, ಹಡಗಿನ ಎರಡನೆಯ ಸ್ಟೂವರ್ಡ್, ಎಂದರೆ ಊಟೋಪಚಾರದ ಪರಿಚಾರಕ. ತಟ್ಟೆ ಬಟ್ಟಲುಗಳನ್ನು ಜೋಡಿಸುವುದು, ಊಟಕ್ಕೆ ಬಡಿಸುವುದು, ಬಡಿಸಿದ ಮೇಲೆ ತೆಗೆದು ತೊಳೆದಿಡುವುದು, ಉಗ್ರಾಣದಲ್ಲಿ ಏನು ಮುಗಿಯುತ್ತ ಬಂದಿದೆ, ಇನ್ನೆಷ್ಟು ದಿನಕ್ಕೆ ಸಾಕಾದೀತು ಎಂದು ಕಣ್ಣಿಟ್ಟಿರುವುದು, ಇಂಥ ಕೆಲಸಗಳಲ್ಲಿ ಪಳಗಿದ ಕೈ ಅವನದು. ಈಜು ಕೂಡ ಅವನಿಗೆ ಚೆನ್ನಾಗಿ ಬರುತ್ತಿರಲಿಲ್ಲ. ಆದರೂ ಆತನು ಅಟ್ಲಾಂಟಿಕ್ ಮಹಾಸಾಗರದ ಮೇಲೆ, ಎಂಟಡಿ ಉದ್ದ ಎಂಟಡಿ ಅಗಲದ ಮರದ ತೆಪ್ಪವೊಂದರಲ್ಲಿ, ತಾನೊಬ್ಬನೇ ನೂರ ಮೂವತ್ತಮೂರು ದಿನಗಳನ್ನು ಕಳೆದು ಬಂದ. ಈ ಸಂಗತಿಯನ್ನು ಮೊದಲು ಓದಿದಾಗ ನನಗುಂಟಾದದ್ದು ಬರಿಯ ವಿಸ್ಮಯ. ಮತ್ತೆ ಮತ್ತೆ ಓದಿ ಮನನ ಮಾಡಿದ ಮೇಲೆ ಮಾತ್ರ ಅದರೊಳಗಿನ ಒಂದು ಎಳೆ ಕಣ್ಣಿಗೆ ಬಿದ್ದಿತು. ಅವನನ್ನು ಕಾಪಾಡಿದ ವಿದ್ಯೆ ಆ ಪರಿಚಾರಕನ ವಿದ್ಯೆಯೇ ಎಂದು ನನ್ನ ದೃಢವಾದ ನಂಬಿಕೆ. ತೆಪ್ಪದ ಮೇಲೆ ಅವನು ಸಾಹಸ ಮಾಡಲು ಹೊರಡಲಿಲ್ಲ, ಸಂಸಾರ ಹೂಡಿದ.

ಹೇಗೆಂಬುದನ್ನು ಸ್ವಲ್ಪ ಸಾವಕಾಶವಾಗಿಯೇ ನೋಡೋಣ. ಹಡಗು ಮುಳುಗುವ ಹೊತ್ತಿಗೆ ತೇಲಂಗಿಯನ್ನು ತೊಟ್ಟು ನೀರಿಗೆ ಹಾರಿದವನು, ಸುಮಾರು ಎರಡು ಗಂಟೆಯ ಕಾಲ ಅಲೆಗಳ ನಡುವೆ ಬಡಿದಾಡಿದ ಮೇಲೆ, ಹಡಗಿನಿಂದ ಕಳಚಿ ತೇಲಿಬಂದ ಈ ತೆಪ್ಪವನ್ನು ಕಂಡು ಅದನ್ನೇರಿದ. ಅದರಲ್ಲಿ ಏನಿತ್ತು? ಕೆಲವು ಡಬ್ಬ ಬಿಸ್ಕತ್ತು, ಸುಮಾರು ನಲವತ್ತು ಲೀಟರು ಕುಡಿಯುವ ನೀರು, ಒಂದಿಷ್ಟು ಚಾಕೊಲೇಟು, ಒಂದು ಚೀಲ ಸಕ್ಕರೆಯ ಉಂಡೆ, ಸಂಕೇತಕ್ಕಾಗಿ ಹಚ್ಚುವ ಕೆಲವು ಮತಾಪುಗಳು, ಹೊಗೆಯ ಕುಡಿಕೆಗಳು, ಒಂದು ಟಾರ್ಚು. ಇಷ್ಟನ್ನು ಮುಂದಿಟ್ಟುಕೊಂಡು ಅವನು ಮಾಡಿದ ಮೊದಲನೆಯ ಕೆಲಸ ಎಣಿಕೆ. ಬೆಳಗ್ಗೆ ಎರಡು ಬಿಸ್ಕತ್ತು, ಸಂಜೆ ಎರಡು, ಒಂದೊಂದು ಹೊತ್ತಿಗೆ ಕೆಲವೇ ಗುಟುಕು ನೀರು, ಹೀಗೆ ಸಾಗಿಸಿದರೆ ಒಂದು ತಿಂಗಳು ಜೀವ ಹಿಡಿದುಕೊಂಡಿರಬಹುದೆಂದು ಲೆಕ್ಕ ಹಾಕಿದ. ಕರಾವಳಿಯ ಮನೆಗಳಲ್ಲಿ ಆಟಿ ತಿಂಗಳ ಜಡಿಮಳೆ ಹಿಡಿಯುವ ಮುನ್ನ ಹಿರಿಯ ಹೆಂಗಸರು ಅಟ್ಟದ ಮೇಲಿನ ಹಪ್ಪಳ, ಉಪ್ಪಿನಕಾಯಿಯ ಭರಣಿ, ಹುಣಿಸೆಯ ಉಂಡೆ, ಕುಚ್ಚಲಕ್ಕಿಯ ಮುಡಿ ಇವುಗಳನ್ನೆಲ್ಲ ಕಣ್ಣಳತೆಯಲ್ಲಿಯೇ ಅಳೆದು, ‘ಹಬ್ಬದವರೆಗೆ ತೊಂದರೆಯಿಲ್ಲ’ ಎನ್ನುವುದನ್ನು ಕೇಳಿದವರಿಗೆ ಈ ಎಣಿಕೆಯ ಹಿಂದಿರುವ ಧೈರ್ಯ ಯಾವ ಬಗೆಯದೆಂದು ಬಿಡಿಸಿ ಹೇಳಬೇಕಾಗಿಲ್ಲ. ಎಷ್ಟಿದೆ ಎಂಬುದು ಗೊತ್ತಾದ ಮೇಲೆ ಭಯಕ್ಕೊಂದು ಎಲ್ಲೆ ಸಿಕ್ಕುತ್ತದೆ.

ನೀರಿನ ವಿಚಾರವನ್ನು ಇಲ್ಲಿ ಒಂದಿಷ್ಟು ಹೇಳಬೇಕು. ಸುತ್ತ ಕಣ್ಣು ಹಾಯುವವರೆಗೂ ನೀರೇ ಇರುವಲ್ಲಿ ಮನುಷ್ಯ ಬಾಯಾರಿ ಸಾಯುತ್ತಾನೆಂಬುದು ಕೇಳುವುದಕ್ಕೆ ವಿಚಿತ್ರವಾಗಿ ತೋರಿದರೂ, ಶರೀರಧರ್ಮವನ್ನು ಬಲ್ಲವರಿಗೆ ಅದರಲ್ಲಿ ವೈಚಿತ್ರ್ಯವೇನಿಲ್ಲ. ಒಂದು ಲೀಟರು ಸಮುದ್ರಜಲದಲ್ಲಿ ಸುಮಾರು 35 ಗ್ರಾಂ ಉಪ್ಪಿರುತ್ತದೆ. ಅಷ್ಟು ಸಾಂದ್ರವಾದ ಉಪ್ಪನ್ನು ಹಾಗೆಯೇ ಹೊರಹಾಕುವ ಶಕ್ತಿ ನಮ್ಮ ಮೂತ್ರಪಿಂಡಗಳಿಗಿಲ್ಲ. ಆದುದರಿಂದ ಒಂದು ಲೀಟರು ಕಡಲ ನೀರನ್ನು ಕುಡಿದವನ ದೇಹವು ಆ ಉಪ್ಪನ್ನು ತೊಳೆದು ಹಾಕುವ ಸಲುವಾಗಿ ಒಂದು ಲೀಟರಿಗಿಂತ ಹೆಚ್ಚಿನ ನೀರನ್ನು ತನ್ನೊಳಗಿನಿಂದಲೇ ವ್ಯಯ ಮಾಡಬೇಕಾಗುತ್ತದೆ; ಕುಡಿದಷ್ಟೂ ದಾಹ, ದಾಹವಾದಷ್ಟೂ ಕುಡಿಯುವ ಆಸೆ, ಕಡೆಗೆ ಭ್ರಮೆ, ಮರಣ. ಪೂನ್ ಲಿಮ್ ಈ ಶಾಸ್ತ್ರವನ್ನು ಓದಿದವನಲ್ಲವಾದರೂ ಕಡಲಿನ ನೀರನ್ನು ನಂಬಲಿಲ್ಲ. ಆಕಾಶದ ನೀರನ್ನು ನಂಬಿದ. ತಾನು ತೊಟ್ಟಿದ್ದ ತೇಲಂಗಿಯ ಕ್ಯಾನ್‌ವಾಸ್ ಹೊದಿಕೆಯನ್ನು ಬಿಚ್ಚಿ, ಮಳೆ ಬಂದಾಗ ಅದನ್ನು ಹರಡಿ, ಅದರೊಳಗೆ ಸೇರಿದ ನೀರನ್ನು ಪಾತ್ರೆಗೆ ಬಸಿದುಕೊಂಡ. ಮುಳುಗುವವನನ್ನು ತೇಲಿಸುವುದಕ್ಕೆಂದು ಹೊಲಿದ ಬಟ್ಟೆ ಹೀಗೆ ಅವನ ಮನೆಯ ಮಾಡೂ ಆಯಿತು, ಬಾವಿಯೂ ಆಯಿತು.

ತಂದಿದ್ದ ದಿನಸಿ ಮುಗಿಯುವ ಮುನ್ನವೇ ಅವನು ಸಂಪಾದನೆಯ ದಾರಿಯನ್ನು ಹುಡುಕಲು ತೊಡಗಿದ್ದ. ಟಾರ್ಚನ್ನು ಬಿಚ್ಚಿ ಅದರೊಳಗಿನ ತಂತಿಯನ್ನು ಬಗ್ಗಿಸಿ ಸಣ್ಣ ಮೀನಿಗೆ ಗಾಳ ಮಾಡಿದ. ಸೆಣಬಿನ ಹಗ್ಗದ ಎಳೆಗಳನ್ನು ಬಿಡಿಸಿ ಗಾಳದ ದಾರ ಹೊಸೆದ. ದೊಡ್ಡ ಮೀನುಗಳಿಗೆ ಆ ತಂತಿ ತಡೆಯದೆಂದು ಕಂಡಾಗ ತೆಪ್ಪದ ಹಲಗೆಯಿಂದಲೇ ಒಂದು ಮೊಳೆಯನ್ನು ಬಹಳ ಹೆಣಗಿ ಕಿತ್ತು ಬಾಗಿಸಿದ. ಬಿಸ್ಕತ್ತಿನ ಡಬ್ಬದ ತಗಡು ಚೂರಿಯಾಯಿತು. ಹಿಡಿದ ಮೀನನ್ನು ಆ ತಗಡಿನಿಂದ ಸೀಳಿ, ಹಗ್ಗವೊಂದನ್ನು ಅಡ್ಡಕ್ಕೆ ಕಟ್ಟಿ, ಬಿಸಿಲಿಗೆ ಒಣಹಾಕಿದ. ಮಲ್ಪೆಯಲ್ಲೋ ಗಂಗೊಳ್ಳಿಯಲ್ಲೋ ದಡದ ಮರಳಿನ ಮೇಲೆ ಸಾಲುಸಾಲಾಗಿ ಒಣಗುವ ಮೀನನ್ನು ಕಂಡ ನಮ್ಮವರಿಗೆ ಇದರಲ್ಲಿ ಹೊಸದೇನೂ ತೋರಲಾರದು. ಆದರೆ ಸ್ವಲ್ಪ ಆಲೋಚಿಸಿ ನೋಡಿ: ಹಸಿದವನು, ದಿಕ್ಕು ತಪ್ಪಿದವನು, ಕೈಗೆ ಸಿಕ್ಕಿದ ಮೀನನ್ನು ಅಲ್ಲಿಯೇ ಅಷ್ಟನ್ನೂ ತಿಂದುಬಿಡದೆ, ನಾಳೆಗೆಂದು, ನಾಳಿದ್ದಿಗೆಂದು ತೂಗುಹಾಕುತ್ತಾನೆ. ನಾಳೆಯೊಂದು ಇದ್ದೇ ಇದೆಯೆಂಬ ಶ್ರದ್ಧೆಯನ್ನು ಇದಕ್ಕಿಂತ ಸ್ಫುಟವಾಗಿ ಮನುಷ್ಯನು ಪ್ರಕಟಿಸಬಲ್ಲನೇ?

ದಿನಗಳ ಎಣಿಕೆಯನ್ನು ಅವನು ಮೊದಮೊದಲು ಹಗ್ಗದಲ್ಲಿ ಗಂಟು ಹಾಕಿ ಇಟ್ಟುಕೊಂಡಿದ್ದ, ದಿನಕ್ಕೊಂದು ಗಂಟು. ಕೆಲವು ಕಾಲದ ಮೇಲೆ ಅದನ್ನು ಬಿಟ್ಟು, ಹುಣ್ಣಿಮೆಗಳನ್ನು ಮಾತ್ರ ಎಣಿಸುವುದೆಂದು ನಿಶ್ಚಯಿಸಿದ. ಈ ಸಣ್ಣ ಬದಲಾವಣೆಯ ಮುಂದೆ ನಾನು ಬಹು ಹೊತ್ತು ನಿಂತಿದ್ದೇನೆ. ದಿನಕ್ಕೊಂದು ಗಂಟು ಹಾಕುವವನು ಪ್ರತಿದಿನವೂ ಬಿಡುಗಡೆಯನ್ನು ನಿರೀಕ್ಷಿಸುತ್ತ ಪ್ರತಿಸಂಜೆಯೂ ಒಮ್ಮೆ ಸೋಲುತ್ತಾನೆ. ಹುಣ್ಣಿಮೆಯನ್ನು ಎಣಿಸುವವನಾದರೋ ಬೇಸಾಯಗಾರನ ಕಾಲಗತಿಗೆ ತನ್ನ ಮನಸ್ಸನ್ನು ಒಗ್ಗಿಸಿಕೊಳ್ಳುತ್ತಾನೆ. 1918ನೆಯ ಮಾರ್ಚ್ 8ರಂದು ಹುಟ್ಟಿದ ಅವನಿಗೆ ಇಪ್ಪತ್ತೈದು ತುಂಬಿದ ದಿನ ಆ ತೆಪ್ಪದ ಮೇಲೆಯೇ ಕಳೆದುಹೋಯಿತು. ಗಂಟಿನ ಲೆಕ್ಕವನ್ನು ಬಿಟ್ಟಿದ್ದವನಿಗೆ ಅದು ಇಂಥ ದಿನವೆಂದು ತಿಳಿದಿತ್ತೋ ಇಲ್ಲವೋ.

ಇನ್ನು ದೇಹ. ಎಂಟಡಿಯ ಹಲಗೆಯ ಮೇಲೆ ಕುಳಿತವನ ಕಾಲುಗಳು ಕೆಲವು ವಾರಗಳಲ್ಲಿಯೇ ಸೋತು ಸೆಟೆದುಹೋಗುವುವೆಂಬುದನ್ನು ಅರಿತು, ಸಮುದ್ರವು ಶಾಂತವಾಗಿದ್ದು ಸುತ್ತಮುತ್ತ ಶಾರ್ಕುಗಳು ಕಾಣಿಸದಿದ್ದಾಗ, ಆತನು ದಿನಕ್ಕೆರಡು ಸಲ ನೀರಿಗಿಳಿದು ತೆಪ್ಪದ ಸುತ್ತ ಈಜುತ್ತಿದ್ದ. ಈಜು ಸರಿಯಾಗಿ ಬಾರದವನು ಇದನ್ನು ಮಾಡಿದನೆಂಬುದನ್ನು ಮರೆಯಬಾರದು. ಅಲೆ ಬಂದು ತನ್ನನ್ನೂ ತನ್ನ ಮನೆಯನ್ನೂ ಅಗಲಿಸೀತೆಂಬ ಭಯದಿಂದ ತೆಪ್ಪದ ಹಗ್ಗವನ್ನು ಮಣಿಕಟ್ಟಿಗೆ ಕಟ್ಟಿಕೊಂಡಿರುತ್ತಿದ್ದ.

ಈಗ ಈ ಕಥೆಯ ಅತ್ಯಂತ ಕಠಿನವಾದ ಭಾಗಕ್ಕೆ ಬರುತ್ತೇನೆ. ಒಂದು ದಿನ ಒಂದು ಸರಕು ಹಡಗು ಅವನ ಸಮೀಪಕ್ಕೆ ಬಂದಿತು. ಎಷ್ಟು ಸಮೀಪವೆಂದರೆ, ತನ್ನನ್ನು ಅದರಲ್ಲಿದ್ದವರು ನೋಡಿದರೆಂದೇ ಅವನು ಕಡೆಯವರೆಗೂ ಹೇಳುತ್ತಿದ್ದ. ಅವನು ಕೂಗಿದ, ಕೈಬೀಸಿದ. ಹಡಗು ನಿಲ್ಲದೆ ಹೊರಟುಹೋಯಿತು. ತನ್ನ ಮುಖವು ಏಷ್ಯದವನ ಮುಖವಾಗಿದ್ದುದರಿಂದಲೇ ಅವರು ಬಿಟ್ಟುಹೋದರೆಂದು ಆತನ ಮನಸ್ಸಿಗೆ ತೋರಿತ್ತು. ಆ ಕಾಲದಲ್ಲಿ ಒಂಟಿ ತೆಪ್ಪವನ್ನು ಆಮಿಷವಾಗಿ ಒಡ್ಡಿ ಹಿಂದೆ ಜಲಾಂತರ್ಗಾಮಿಯು ಹೊಂಚುಹಾಕಿರಬಹುದೆಂಬ ಸಂಶಯವೂ ನಾವಿಕರಲ್ಲಿತ್ತು. ಆದುದರಿಂದ ಆ ಹಡಗಿನವರ ಮನಸ್ಸಿನೊಳಗೆ ಹೊಕ್ಕು ತೀರ್ಪು ಕೊಡಲು ನಾನು ಸಿದ್ಧನಿಲ್ಲ. ಆದರೆ ತೆಪ್ಪದಲ್ಲಿ ಉಳಿದವನ ಮನಸ್ಸು? ಸಾಗರವು ಅವನನ್ನು ಉಪೇಕ್ಷಿಸಿದ್ದರಲ್ಲಿ ಅವಮಾನವಿಲ್ಲ, ಸಾಗರಕ್ಕೆ ಕಣ್ಣಿಲ್ಲ. ಕಣ್ಣುಳ್ಳ ಮನುಷ್ಯರು ಕಂಡೂ ಕಾಣದಂತೆ ಹೋದರೆಂದು ನಂಬಿದವನು ಆ ರಾತ್ರಿಯನ್ನು ಹೇಗೆ ಕಳೆದಿರಬೇಕು! ಇದಾದ ಮೇಲೆ ಇನ್ನೊಂದು ಸಲ ಅಮೆರಿಕದ ನೌಕಾಪಡೆಯ ಕೆಲವು ವಿಮಾನಗಳು ಅವನನ್ನು ಕಂಡು, ಒಂದು ವಿಮಾನ ಗುರುತಿನ ತೇಲುಗುಂಡನ್ನೂ ನೀರಿಗೆ ಹಾಕಿತು. ದುರ್ದೈವದಿಂದ ಅದೇ ಹೊತ್ತಿಗೆ ಬಿರುಗಾಳಿಯೆದ್ದು ತೆಪ್ಪವನ್ನು ಎತ್ತಲೋ ಒಯ್ದಿತು. ಜರ್ಮನರ ಜಲಾಂತರ್ಗಾಮಿಯೊಂದರ ಕಣ್ಣಿಗೂ ಅವನು ಬಿದ್ದಿದ್ದ. ಅದೂ ಅವನನ್ನು ಅವನ ಪಾಡಿಗೆ ಬಿಟ್ಟು ಸರಿಯಿತು. ಮಿತ್ರರು, ಶತ್ರುಗಳು, ಎರಡು ಪಕ್ಷದವರೂ ನೋಡಿದರು. ಯಾರ ಕೈಯೂ ಅವನ ಕೈಯನ್ನು ಹಿಡಿಯಲಿಲ್ಲ.

ಫ್ರಾನ್ಸಿನ ಅಲೈನ್ ಬೊಂಬಾರ್ ಎಂಬ ವೈದ್ಯನ ನೆನಪು ನನಗೆ ಈ ಸಂದರ್ಭದಲ್ಲಿ ಬರುತ್ತದೆ. ಹಡಗೊಡೆದವರಲ್ಲಿ ಬಹುಮಂದಿ ಹಸಿವು ಬಾಯಾರಿಕೆಗಳು ಕೊಲ್ಲುವುದಕ್ಕೆ ಮೊದಲೇ ಹತಾಶೆಯಿಂದಲೇ ಸಾಯುತ್ತಾರೆಂಬುದು ಆತನ ಮತ. ಅದನ್ನು ಸ್ಥಾಪಿಸುವುದಕ್ಕಾಗಿ 1952ರಲ್ಲಿ ತಾನೇ ಒಂದು ರಬ್ಬರಿನ ದೋಣಿಯಲ್ಲಿ ಒಂಟಿಯಾಗಿ ಕ್ಯಾನರಿ ದ್ವೀಪಗಳಿಂದ ಹೊರಟು, ಅರುವತ್ತೈದು ದಿನಗಳ ತರುವಾಯ ಬಾರ್ಬಡೋಸ್ ದ್ವೀಪವನ್ನು ಸೇರಿದ. ಕಡಲ ನೀರನ್ನು ಸ್ವಲ್ಪ ಸ್ವಲ್ಪವಾಗಿ ಕುಡಿಯಬಹುದೆಂದು ಅವನು ಹೇಳಿದುದನ್ನು ಅನೇಕರು ಒಪ್ಪಿಲ್ಲ, ನಾನೂ ಒಪ್ಪಲಾರೆ. ಹತಾಶೆಯ ವಿಷಯದಲ್ಲಿ ಮಾತ್ರ ಅವನ ಮಾತಿಗೆ ತೂಕವುಂಟು. ಆದರೆ ಬೊಂಬಾರನು ತಾನಾಗಿ ಹೊರಟವನು. ಪೂನ್ ಲಿಮ್ ತಳ್ಳಲ್ಪಟ್ಟವನು. ಹಡಗು ಕೈಬಿಟ್ಟುಹೋದ ಮರುದಿನ ಬೆಳಗ್ಗೆ ಎದ್ದು ಅವನು ಮಾಡಿದ್ದೇನು? ಹಿಂದಿನ ದಿನ ಮಾಡಿದುದನ್ನೇ: ಗಾಳ ಹಾಕಿದ, ಮೀನು ಸೀಳಿದ, ಒಣಗಿದುದನ್ನು ಮಗುಚಿದ, ನೀರನ್ನು ಅಳೆದ. ನಮ್ಮಲ್ಲಿ ಸಾವಾದ ಮನೆಯಲ್ಲಿಯೂ ಹಟ್ಟಿಯ ಹಸುವಿಗೆ ಹೊತ್ತಿಗೆ ಸರಿಯಾಗಿ ಹುಲ್ಲು ಹಾಕಬೇಕು. ಅತ್ತು ಕಣ್ಣು ಬಾತವರನ್ನು ಮೆಲ್ಲಗೆ ಎಬ್ಬಿಸಿ ಹೊರಗೆ ಕರೆತರುವ ಶಕ್ತಿ ಆ ಹುಲ್ಲಿನ ಹೊರೆಗೆ ಇದೆ. ಅವನ ಗಾಳಕ್ಕೂ ಅಂಥದೇ ಶಕ್ತಿಯಿದ್ದಿತೆಂದು ನಾನು ತಿಳಿಯುತ್ತೇನೆ.

ಒಮ್ಮೆ ಆ ಸಂಸಾರವೇ ಕೊಚ್ಚಿಹೋಯಿತು. ಬಿರುಗಾಳಿಯೊಂದು ಬಂದು ಒಣಹಾಕಿದ್ದ ಮೀನನ್ನೆಲ್ಲ ಹಾಳುಮಾಡಿ, ಕೂಡಿಟ್ಟಿದ್ದ ಸಿಹಿನೀರಿಗೆ ಉಪ್ಪುನೀರನ್ನು ಬೆರೆಸಿಬಿಟ್ಟಿತು. ಜೀವ ಕುತ್ತಿಗೆಗೆ ಬಂದಿದ್ದ ಸ್ಥಿತಿಯಲ್ಲಿ ಆತನು ಒಂದು ಹಕ್ಕಿಯನ್ನು ಹಿಡಿದು ಅದರ ರಕ್ತವನ್ನು ಕುಡಿದ. ಕೇಳುವವರಿಗೆ ಮೈ ಜುಮ್ಮೆನ್ನುತ್ತದೆ. ಆದರೆ ಇದನ್ನು ಮುಚ್ಚಿಟ್ಟು ಅವನ ಕಥೆಯನ್ನು ಹೇಳುವುದು ಅವನಿಗೆ ಮಾಡುವ ಅನ್ಯಾಯ. ಶಾರ್ಕುಗಳು ಹತ್ತಿರ ಸುಳಿದಾಗ ಅವುಗಳಲ್ಲೊಂದನ್ನೇ ಹಿಡಿಯಲು ಎಣಿಸಿ, ಹಕ್ಕಿಯ ಅವಶೇಷವನ್ನು ಗಾಳಕ್ಕೆ ಸಿಕ್ಕಿಸಿದ. ಮೀನು ಸೆಳೆಯುವ ರಭಸಕ್ಕೆ ಕೈ ಹರಿಯದಂತೆ ಅಂಗೈಗಳಿಗೆ ಕ್ಯಾನ್‌ವಾಸನ್ನು ಸುತ್ತಿಕೊಂಡ. ಮೇಲಕ್ಕೆಳೆದ ಶಾರ್ಕು ತಿರುಗಿ ಬಿದ್ದಾಗ, ಸಮುದ್ರದ ನೀರನ್ನು ಅರ್ಧ ತುಂಬಿದ್ದ ನೀರಿನ ಪಾತ್ರೆಯಿಂದಲೇ ಹೊಡೆದು ಕೊಂದ. ಮಳೆಯಿಲ್ಲದೆ ನೀರು ಮುಗಿದಿದ್ದುದರಿಂದ ಅದರ ಯಕೃತ್ತಿನ ರಕ್ತವನ್ನು ಹೀರಿದ. ಆಮೇಲೆ ಅವನು ಮಾಡಿದ ಕೆಲಸ ಇದು: ಆ ಶಾರ್ಕಿನ ರೆಕ್ಕೆಗಳನ್ನು ಕೊಯ್ದು ಬಿಸಿಲಿಗೆ ಒಣಗಿಸಿದ. ಹೈನಾನಿನಲ್ಲಿ ಅದು ಬಹು ರುಚಿಯಾದ ಭಕ್ಷ್ಯವಂತೆ. ಮೃತ್ಯುವಿನೊಡನೆ ಸೆಣಸಿ ಕೈಗಳಿನ್ನೂ ನಡುಗುತ್ತಿರುವಾಗ ತನ್ನ ಊರಿನ ಹಬ್ಬದಡಿಗೆಯನ್ನು ನೆನೆದು, ಅದರ ಕ್ರಮ ತಪ್ಪದಂತೆ ರೆಕ್ಕೆಯನ್ನು ಹರವಿಡುವ ಆ ತರುಣನ ಚಿತ್ರ ನನ್ನ ಮನಸ್ಸಿನಿಂದ ಮಾಸಿಲ್ಲ.

ಪ್ರಳಯಜಲದ ಮೇಲೆ ಒಂಟಿಯಾಗಿ ಅಲೆದ ಮಾರ್ಕಂಡೇಯನಿಗೆ ಕಡೆಗೆ ಆಲದೆಲೆಯ ಮೇಲೆ ಮಲಗಿದ ಶಿಶುವಿನ ದರ್ಶನವಾಯಿತೆಂದು ನಮ್ಮ ಪುರಾಣ ಹೇಳುತ್ತದೆ. ಪೂನ್ ಲಿಮ್‌ನಿಗೆ ಆದ ದರ್ಶನ ನೀರಿನ ಬಣ್ಣದ್ದು. ನಡುಗಡಲಿನ ಕಡುನೀಲಿ ಮೆಲ್ಲಮೆಲ್ಲಗೆ ತಿಳಿಯಾಗಿ ಬೇರೆ ಬಣ್ಣಕ್ಕೆ ತಿರುಗಿತು. ಸಾಗರಪ್ರವಾಹವು ತಿಂಗಳುಗಟ್ಟಲೆ ಅವನನ್ನು ಪಶ್ಚಿಮಕ್ಕೆ ನೂಕುತ್ತ ನೂಕುತ್ತ ಬ್ರೆಜಿಲ್ ದೇಶದ ಸಮೀಪಕ್ಕೆ, ಅಮೆಜಾನ್ ಮಹಾನದಿಯು ತನ್ನ ಮಣ್ಣಿನ ನೀರನ್ನು ದಡದಿಂದ ಬಹುದೂರದವರೆಗೂ ಸಮುದ್ರದೊಳಕ್ಕೆ ಚೆಲ್ಲುವ ಎಡೆಗೆ ತಂದಿತ್ತು. 1943ನೆಯ ಏಪ್ರಿಲ್ 5ರಂದು, ಅಲ್ಲಿಯ ಬೆಸ್ತರು ಅವನನ್ನು ಕಂಡು ತಮ್ಮ ದೋಣಿಗೆ ಎತ್ತಿಕೊಂಡರು. ಅವನ ಭಾಷೆ ಅವರಿಗೆ ಬಾರದು, ಅವರದು ಅವನಿಗೆ ಬಾರದು. ದೊಡ್ಡ ದೊಡ್ಡ ಹಡಗುಗಳೂ ವಿಮಾನಗಳೂ ಮಾಡಲಾರದೆ ಹೋದುದನ್ನು ಆ ಬಡ ಬೆಸ್ತರು ಮಾಡಿದರು.

ಮುಂದಿನ ಸಂಗತಿಗಳನ್ನು ಬೇಗನೆ ಹೇಳಿಬಿಡುತ್ತೇನೆ. ಆರನೆಯ ಜಾರ್ಜ್ ದೊರೆಯು ಅವನಿಗೆ ಬ್ರಿಟಿಷ್ ಸಾಮ್ರಾಜ್ಯದ ಪದಕವನ್ನಿತ್ತು ಗೌರವಿಸಿದ. ಆಂಗ್ಲ ನೌಕಾಪಡೆಯು ಅವನು ಅನುಸರಿಸಿದ ಉಪಾಯಗಳನ್ನು, ನಾವಿಕರಿಗೆ ಪ್ರಾಣರಕ್ಷಣೆಯನ್ನು ಕಲಿಸುವ ತನ್ನ ಕೈಪಿಡಿಗಳಲ್ಲಿ ಸೇರಿಸಿಕೊಂಡಿತು. ತೆಪ್ಪದ ಮೇಲೆ ಇಷ್ಟು ದೀರ್ಘಕಾಲ ಒಬ್ಬನೇ ಬದುಕಿದವರು ಬೇರೆ ಯಾರೂ ಇಲ್ಲವೆಂದು ತಿಳಿಸಿದಾಗ, ಈ ದಾಖಲೆಯನ್ನು ಮೀರಬೇಕಾದ ಗತಿ ಯಾರಿಗೂ ಬಾರದಿರಲೆಂದು ಅವನು ಹಾರೈಸಿದನಂತೆ. ಯುದ್ಧಾನಂತರ ಅಮೆರಿಕದಲ್ಲಿ ನೆಲಸಬೇಕೆಂದು ಬಯಸಿದಾಗ, ವರ್ಷಕ್ಕೆ 105 ಮಂದಿ ಚೀನೀಯರಿಗೆ ಮಾತ್ರ ಪ್ರವೇಶ ಕೊಡುತ್ತಿದ್ದ ಅಲ್ಲಿಯ ಕಾನೂನು ಅಡ್ಡವಾಯಿತು. ವಾರೆನ್ ಮ್ಯಾಗ್ನುಸನ್ ಎಂಬ ಸೆನೆಟರು ವಿಶೇಷ ಅನುಮತಿಯನ್ನು ದೊರಕಿಸಿಕೊಟ್ಟ ಮೇಲೆಯೇ ಅವನಿಗೆ ಅಲ್ಲಿ ಕಾಲೂರಲು ಸಾಧ್ಯವಾದದ್ದು. ಅಷ್ಟು ನೀರನ್ನು ದಾಟಿ ಬಂದವನಿಗೆ ಒಂದು ಕಾಗದವನ್ನು ದಾಟುವುದು ಅಷ್ಟು ಕಷ್ಟವಾಯಿತೆಂಬುದನ್ನು ನೆನೆದಾಗ ನನಗೆ ವ್ಯಥೆಯಾಗುತ್ತದೆ.

ಆದರೆ ನನ್ನ ಮನಸ್ಸು ಮತ್ತೆ ಮತ್ತೆ ಮರಳುವುದು ಪದಕದ ಕಡೆಗಲ್ಲ, ಬೆಸ್ತರ ದೋಣಿಯ ಕಡೆಗೆ. ಅವನನ್ನು ಎತ್ತಿಕೊಂಡ ದೋಣಿಯು ನೇರವಾಗಿ ದಡಕ್ಕೆ ಹೋಗಲಿಲ್ಲ. ಬೆಲೆಂ ಪಟ್ಟಣವನ್ನು ಮುಟ್ಟಿದ್ದು ಮೂರು ದಿನಗಳಾದ ಮೇಲೆ. ಅವನ ತೂಕದಲ್ಲಿ ಇಪ್ಪತ್ತು ಪೌಂಡಿನಷ್ಟು ಇಳಿದಿತ್ತು. ಮುಂದೆ ನಾಲ್ಕು ವಾರಗಳ ಕಾಲ ಆಸ್ಪತ್ರೆಯಲ್ಲಿ ಆರೈಕೆ ಬೇಕಾಯಿತು. ಆದರೂ ಬೆಲೆಂ ಬಂದರಿನಲ್ಲಿ, ದಿನಕ್ಕೆರಡು ಸಲ ಹಗ್ಗ ಕಟ್ಟಿಕೊಂಡು ನೀರಿಗಿಳಿಯುತ್ತಿದ್ದ ಆ ತರುಣನು, ಯಾರ ಹೆಗಲನ್ನೂ ಆಶ್ರಯಿಸದೆ ದೋಣಿಯಿಂದ ಇಳಿದು ನೆಲದ ಮೇಲೆ ನಡೆದ.